ಗ್ಯಾಸ್ ಒಲೆಯ ಸವೆದ ಭಾಗಗಳು: ಯಾವುದನ್ನು ನಾವೇ ಬದಲಾಯಿಸಬಹುದು, ಯಾವುದನ್ನು ಬಾರದು

ಗ್ಯಾಸ್ ಒಲೆ ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಉರಿಯ ತುದಿ ಹಳದಿಯಾಗುತ್ತದೆ, ಆಮೇಲೆ ಪಾತ್ರೆಯ ತಳಕ್ಕೆ ಮಸಿ ಹತ್ತುತ್ತದೆ, ನಾಬ್ ತಿರುಗಿಸಲು ಬಲ ಹಾಕಬೇಕಾಗುತ್ತದೆ, ಹತ್ತು ಸಲ ಕಿಡಿ ಹಾರಿದ ಮೇಲೆ ಒಮ್ಮೆ ಬರ್ನರ್ ಹೊತ್ತಿಕೊಳ್ಳುತ್ತದೆ. ಇವನ್ನೆಲ್ಲ ಒಟ್ಟುಗೂಡಿಸಿ ‘ಒಲೆಗೆ ವಯಸ್ಸಾಯಿತು’ ಎಂದುಬಿಡುವವರೇ ಹೆಚ್ಚು. ಆದರೆ ಇವುಗಳಲ್ಲಿ ಒಂದೊಂದು ಲಕ್ಷಣವೂ ಒಂದೊಂದು ಚಿಕ್ಕ ಭಾಗದತ್ತ ಬೆರಳು ಮಾಡುತ್ತದೆ, ಮತ್ತು ಆ ಭಾಗಗಳಲ್ಲಿ ಹಲವನ್ನು ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್ ಹಾಗೂ ಅವಸರವಿಲ್ಲದ ಒಂದು ಗಂಟೆ ಇರುವ ಯಾರಾದರೂ ತಾವೇ ಬದಲಾಯಿಸಬಹುದು. ಕೆಲವನ್ನು ಮಾತ್ರ ಮುಟ್ಟಬಾರದು.

ಮುಟ್ಟಬಹುದಾದ ಭಾಗಗಳನ್ನೂ ಮುಟ್ಟಬಾರದ ಭಾಗಗಳನ್ನೂ ಬೇರ್ಪಡಿಸುವ ಗೆರೆ ಒಲೆಯೊಳಗೇ ಇದೆ. ಜೆಟ್ ಎಂಬ ಹೆಸರಿನ, ಬೆರಳತುದಿಯಷ್ಟು ಚಿಕ್ಕದಾದ ಹಿತ್ತಾಳೆಯ ತುಂಡೇ ಆ ಗೆರೆ. ಜೆಟ್‌ನಿಂದ ಹಿಂದೆ, ಅಂದರೆ ಪೂರೈಕೆಯ ಕಡೆಗೆ, ಅನಿಲವು ಮುಚ್ಚಿದ ಕೊಳವೆಯಲ್ಲಿ ಒತ್ತಡದಲ್ಲಿರುತ್ತದೆ; ಅಲ್ಲಿ ಯಾವ ಜೋಡಣೆ ಸಡಿಲವಾದರೂ ಅನಿಲ ಹೊರಗೆ ಸೋರುತ್ತದೆ. ಜೆಟ್‌ನಿಂದ ಮುಂದೆ, ಅಂದರೆ ಬರ್ನರಿನ ಕಡೆಗೆ, ಅನಿಲ ಆಗಲೇ ತೆರೆದ ಗಾಳಿಗೆ ಬಂದಿರುತ್ತದೆ. ಅಲ್ಲಿನ ತಪ್ಪು ಉರಿಯನ್ನು ಕೆಡಿಸಬಹುದೇ ಹೊರತು, ಒಲೆ ಆರಿಸಿದ ಮೇಲೆ ರಾತ್ರಿಯಿಡೀ ಸೋರುವ ಅಪಾಯವನ್ನು ತರುವುದಿಲ್ಲ. ಯಾವ ಭಾಗವನ್ನು ಕೈಗೆತ್ತಿಕೊಳ್ಳುವ ಮೊದಲೂ ಅದು ಜೆಟ್‌ನಿಂದ ಹಿಂದಿನದೋ ಮುಂದಿನದೋ ಎಂದು ಕೇಳಿಕೊಳ್ಳಬೇಕು. ನನ್ನ ಮಟ್ಟಿಗೆ ಈ ಕೆಲಸದ ತಿಳಿವಳಿಕೆಯೆಲ್ಲ ಆರಂಭವಾಗುವುದು ಈ ಪ್ರಶ್ನೆಯಿಂದ.

ಅನಿಲ ಸಾಗುವ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ಸಿಲಿಂಡರಿನಿಂದಲೋ ಕೊಳವೆ ಜಾಲದಿಂದಲೋ ಬರುವ ಅನಿಲ ರೆಗ್ಯುಲೇಟರಿನಲ್ಲಿ ಒತ್ತಡ ಇಳಿಸಿಕೊಂಡು, ಟ್ಯೂಬಿನ ಮೂಲಕ ಒಲೆಯೊಳಗಿನ ಉದ್ದನೆಯ ಪೈಪಿಗೆ ಬರುತ್ತದೆ. ಆ ಪೈಪಿಗೆ ಬರ್ನರಿಗೊಂದರಂತೆ ವಾಲ್ವ್‌ಗಳನ್ನು ಕೂಡಿಸಿರುತ್ತಾರೆ. ವಾಲ್ವಿನ ತುದಿಯಲ್ಲಿ, ಅಥವಾ ವಾಲ್ವಿನಿಂದ ಹೊರಟ ಸಣ್ಣ ಕೊಳವೆಯ ತುದಿಯಲ್ಲಿ ಜೆಟ್ ಇರುತ್ತದೆ. ಜೆಟ್ಟಿನ ಬಾಯಿಗೂ ಬರ್ನರಿಗೆ ಹೋಗುವ ಮಿಕ್ಸಿಂಗ್ ಟ್ಯೂಬಿನ ಬಾಯಿಗೂ ನಡುವೆ ಗಾಳಿಗೆ ತೆರೆದ ಜಾಗವಿರುತ್ತದೆ. ಮೊದಲ ಸಲ ನೋಡಿದವರು ಇಲ್ಲೇನೋ ಕಳಚಿಕೊಂಡಿದೆ ಎಂದು ಗಾಬರಿಯಾಗುವುದುಂಟು. ಆದರೆ ಆ ಜಾಗವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಲೆಗೆ ಬರುವ ಒತ್ತಡವೂ ನಾವು ಊಹಿಸುವಷ್ಟು ದೊಡ್ಡದಲ್ಲ. ಎಲ್‌ಪಿಜಿ ಒಲೆಗಳಿಗೆ ಅದು ಸಾಮಾನ್ಯವಾಗಿ 30 ಮಿಲಿಬಾರ್ ಆಸುಪಾಸಿನಲ್ಲಿ, ನೈಸರ್ಗಿಕ ಅನಿಲದ ಒಲೆಗಳಿಗೆ 20 ಮಿಲಿಬಾರ್ ಆಸುಪಾಸಿನಲ್ಲಿ ಇರುತ್ತದೆ. ಮೂವತ್ತು ಮಿಲಿಬಾರ್ ಎಂದರೆ ಸುಮಾರು 30 ಸೆಂಟಿಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಹಾಕುವಷ್ಟು ಒತ್ತಡ.

ಇಷ್ಟು ಕಡಿಮೆ ಒತ್ತಡದ ಅನಿಲವೂ ಜೆಟ್ಟಿನ ಕಿರಿದಾದ ರಂಧ್ರದಿಂದ ಹೊರಬೀಳುವಾಗ ರಭಸ ಪಡೆದು, ಸುತ್ತಲಿನ ಗಾಳಿಯನ್ನು ತನ್ನ ಜೊತೆಗೆ ಮಿಕ್ಸಿಂಗ್ ಟ್ಯೂಬಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ. ಅನಿಲ ಮತ್ತು ಗಾಳಿಯನ್ನು ಉರಿಯುವ ಮೊದಲೇ ಬೆರೆಸುವ ಈ ಉಪಾಯವನ್ನು 1855ರ ಸುಮಾರಿಗೆ ಹೈಡೆಲ್‌ಬರ್ಗ್‌ನಲ್ಲಿ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ ಮತ್ತು ಉಪಕರಣ ತಯಾರಕ ಪೀಟರ್ ಡೆಸಾಗ ಪ್ರಯೋಗಾಲಯದ ಬರ್ನರಿಗೆ ಅಳವಡಿಸಿದರು. ಇಂದಿನ ಒಲೆಯ ಬರ್ನರ್ ಕೂಡ ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಎಲ್‌ಪಿಜಿಯಲ್ಲಿರುವ ಪ್ರೊಪೇನ್ ಒಂದು ಪಾಲು ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು. ನೈಸರ್ಗಿಕ ಅನಿಲದ ಮುಖ್ಯ ಅಂಶವಾದ ಮೀಥೇನ್ ಒಂದು ಪಾಲಿಗೆ ಸುಮಾರು 10 ಪಾಲು ಸಾಕು. ಇದರಲ್ಲಿ ಒಂದು ಭಾಗ ಟ್ಯೂಬಿನೊಳಗೇ ಬೆರೆಯುತ್ತದೆ, ಉಳಿದದ್ದು ಉರಿಯ ಸುತ್ತಲಿನಿಂದ ಬಂದು ಸೇರುತ್ತದೆ. ಈ ಬೆರಕೆ ಸರಿಯಾಗಿದ್ದರೆ ಉರಿ ನೀಲಿಯಾಗಿ, ಬುಡದಲ್ಲಿ ಚಿಕ್ಕ ಚಿಕ್ಕ ಗಟ್ಟಿ ಮೊನೆಗಳಾಗಿ ನಿಲ್ಲುತ್ತದೆ. ಗಾಳಿ ಕಡಿಮೆಯಾದರೆ ಉರಿಯದೆ ಉಳಿದ ಇಂಗಾಲದ ಕಣಗಳು ಕಾದು ಹಳದಿಯಾಗಿ ಹೊಳೆಯುತ್ತವೆ. ಆ ಕಣಗಳೇ ಪಾತ್ರೆಯ ತಳದ ಮಸಿ. ಅದರ ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟಬಹುದಾದ್ದರಿಂದ, ಹಳದಿ ಉರಿಯನ್ನು ಪಾತ್ರೆ ತೊಳೆಯುವ ಕಷ್ಟವೆಂದಷ್ಟೇ ಎಣಿಸಿ ಸುಮ್ಮನಿರಬಾರದು.

ಆದ್ದರಿಂದ ಯಾವ ಭಾಗವನ್ನು ಕೊಳ್ಳುವ ಮೊದಲೂ ಉರಿಯನ್ನು ನೋಡಬೇಕು. ಒಂದೇ ಬರ್ನರ್ ಸುತ್ತಲೂ ಹಳದಿಯಾಗಿದ್ದರೆ ಅದರ ಮಿಕ್ಸಿಂಗ್ ಟ್ಯೂಬಿನಲ್ಲಿ ಕಸ ಕಟ್ಟಿದೆ, ಅಥವಾ ಜೆಟ್ಟಿನ ರಂಧ್ರ ದೊಡ್ಡದಾಗಿದೆ. ಒಂದು ಮಗ್ಗುಲಲ್ಲಿ ಮಾತ್ರ ಹಳದಿ ನಾಲಿಗೆ ಚಾಚುತ್ತಿದ್ದರೆ ಬರ್ನರಿನ ಮುಚ್ಚಳ ಸರಿಯಾಗಿ ಕೂತಿಲ್ಲ, ಇಲ್ಲವೇ ಬಾಗಿದೆ. ಉರಿ ರಂಧ್ರಗಳಿಂದ ಮೇಲೆದ್ದು ತೇಲುತ್ತಿದ್ದರೆ ಗಾಳಿ ಹೆಚ್ಚಾಗಿದೆ ಅಥವಾ ಒತ್ತಡ ಹೆಚ್ಚಾಗಿದೆ. ‘ಭುಸ್’ ಎಂದು ಸದ್ದು ಮಾಡಿ ಉರಿ ಒಳಕ್ಕೆ ಸರಿದು ಜೆಟ್ಟಿನ ಬಾಯಲ್ಲೇ ಉರಿಯತೊಡಗಿದರೆ ಕೂಡಲೇ ಆರಿಸಬೇಕು. ಬರ್ನರಿನ ರಂಧ್ರಗಳು ಸವೆದು ಅಗಲವಾದಾಗ, ಅಥವಾ ಜೆಟ್ ಅರ್ಧ ಕಟ್ಟಿಕೊಂಡು ಅನಿಲದ ವೇಗ ಕುಗ್ಗಿದಾಗ ಹೀಗಾಗುತ್ತದೆ. ಎಲ್ಲ ಬರ್ನರುಗಳೂ ಒಟ್ಟಿಗೆ ಮಂಕಾದರೆ ತಪ್ಪು ಬರ್ನರುಗಳದ್ದಲ್ಲ. ರೆಗ್ಯುಲೇಟರಿನಲ್ಲೋ ಟ್ಯೂಬಿನಲ್ಲೋ ಪೂರೈಕೆಯಲ್ಲೋ ಹುಡುಕಬೇಕು. ಇಷ್ಟನ್ನು ನೋಡದೆ ಹೊಸ ಬರ್ನರ್ ತಂದು ಹಾಕಿ, ಉರಿ ಹಾಗೆಯೇ ಉಳಿದಾಗ ನಿರಾಶರಾಗುವವರು ಅನೇಕರು.

ಭಾಗವನ್ನು ತರುವಾಗ ಕಣ್ಣಂದಾಜನ್ನು ನಂಬಬಾರದು. ಒಲೆಯ ತಳದಲ್ಲೋ ಪಕ್ಕದಲ್ಲೋ ಅಂಟಿಸಿರುವ ಫಲಕದಲ್ಲಿ ಮಾದರಿಯ ಸಂಖ್ಯೆ, ಯಾವ ಅನಿಲಕ್ಕೆ ತಯಾರಿಸಿದ್ದು, ಎಷ್ಟು ಒತ್ತಡಕ್ಕೆ ಎಂಬುದೆಲ್ಲ ಇರುತ್ತದೆ. ಆ ಸಂಖ್ಯೆಯ ಮೇಲೆಯೇ ಭಾಗವನ್ನು ಕೇಳಬೇಕು. ಕೆಲಸಕ್ಕೆ ಕೈಹಾಕುವ ಮೊದಲು ಪೂರೈಕೆಯನ್ನು ಮುಚ್ಚಿ, ಒಂದು ಬರ್ನರ್ ಹೊತ್ತಿಸಿ ಟ್ಯೂಬಿನಲ್ಲಿ ಉಳಿದ ಅನಿಲ ಉರಿದು ತಾನಾಗಿ ಆರುವವರೆಗೆ ಬಿಡಬೇಕು, ನಂತರ ನಾಬ್ ಮುಚ್ಚಬೇಕು. ಒಲೆ ಪೂರ್ತಿ ತಣ್ಣಗಾಗಲಿ. ಬ್ಯಾಟರಿ ಇದ್ದರೆ ತೆಗೆಯಬೇಕು, ವಿದ್ಯುತ್ ಸಂಪರ್ಕವಿದ್ದರೆ ಪ್ಲಗ್ ಕಿತ್ತಿಡಬೇಕು. ಬಿಚ್ಚುವ ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಜೋಡಿಸುವಾಗ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಜೆಟ್‌ನಿಂದ ಮುಂದಿನ ಭಾಗಗಳಲ್ಲಿ ಮುಖ್ಯವಾದದ್ದು ಬರ್ನರ್. ಅದು ಸಾಮಾನ್ಯವಾಗಿ ಎರಡು ಮೂರು ತುಂಡುಗಳಾಗಿರುತ್ತದೆ: ಕೆಳಗೆ ಬಟ್ಟಲಿನಂಥ ತಳ, ಅದರ ಮೇಲೆ ರಂಧ್ರಗಳೋ ಕಚ್ಚುಗಳೋ ಇರುವ ಉಂಗುರ, ಮೇಲೊಂದು ಮುಚ್ಚಳ. ಉಕ್ಕಿ ಬಿದ್ದದ್ದು ಸುಟ್ಟು ಕರಕಲಾಗಿ ರಂಧ್ರ ಮುಚ್ಚಿದ್ದರೆ ಬಿಸಿ ಸೋಪು ನೀರಿನಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಒಂದು ಹನಿ ನೀರೂ ಉಳಿಯದಂತೆ ಒಣಗಿಸಿದರೆ ಸಾಕು, ಹೊಸದು ಬೇಕಿಲ್ಲ. ಅಲ್ಯೂಮಿನಿಯಮ್ ಬರ್ನರನ್ನು ತೀಕ್ಷ್ಣ ಕ್ಷಾರದ ಪುಡಿಯಲ್ಲಿ ತೊಳೆದರೆ ಲೋಹವೇ ಕರಗಿ ಕಪ್ಪಾಗುತ್ತದೆ. ಸವೆದಿದೆಯೇ ಎಂದು ತಿಳಿಯಲು ಮುಚ್ಚಳವನ್ನು ಸಮತಟ್ಟಾದ ಗಾಜಿನ ಮೇಲೆ ಬೋರಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿ ನೋಡಬೇಕು. ಅದು ತೊಟ್ಟಿಲಿನಂತೆ ಆಡಿದರೆ ಬಾಗಿದೆ ಎಂದರ್ಥ. ಒಲೆಯ ಮೇಲೆ ಆ ಸಂದಿನಿಂದಲೇ ಉರಿ ಹೊರಗೆ ಇಣುಕುತ್ತದೆ. ಉಂಗುರ ಮತ್ತು ಮುಚ್ಚಳ ಒಟ್ಟಿಗೆ ಕಾದು ಒಟ್ಟಿಗೆ ಸವೆದಿರುವುದರಿಂದ ಜೋಡಿಯಾಗಿಯೇ ಬದಲಾಯಿಸುವುದು ಒಳ್ಳೆಯದು. ಬರ್ನರ್ ಬಿಚ್ಚಿದಾಗ ಮಿಕ್ಸಿಂಗ್ ಟ್ಯೂಬಿನೊಳಕ್ಕೆ ಬೆಳಕು ಬಿಟ್ಟು ನೋಡುವುದನ್ನು ಮರೆಯಬಾರದು. ಬಹುಕಾಲ ಉಪಯೋಗಿಸದ ಒಲೆಯಲ್ಲಿ ಜೇಡ ಬಲೆ ಕಟ್ಟಿರುವುದು ಸಾಮಾನ್ಯ, ಮತ್ತು ಅಷ್ಟು ತೆಳುವಾದ ಬಲೆಯೂ ಗಾಳಿಯ ದಾರಿಯನ್ನು ಕೆಡಿಸಬಲ್ಲದು.

ಪಾತ್ರೆ ಇಡುವ ಸ್ಟ್ಯಾಂಡು, ರಬ್ಬರ್ ಕಾಲುಗಳು, ನಾಬ್ ಇವುಗಳನ್ನು ಬದಲಾಯಿಸಲು ಹೆಚ್ಚಿನ ಕೌಶಲ ಬೇಡ. ಆದರೂ ಎರಡು ಮಾತು. ಸ್ಟ್ಯಾಂಡಿನ ಎತ್ತರ ಮೊದಲಿನಷ್ಟೇ ಇರಬೇಕು. ಅದು ತಗ್ಗಿದರೆ ಉರಿ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ಪಾತ್ರೆಗೆ ತಾಗಿ, ಅರೆಬೆಂದ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ನಾಬ್ ಸಡಿಲವಾಗಿ ಸುಮ್ಮನೆ ತಿರುಗುತ್ತಿದ್ದರೆ ಅದನ್ನು ಇಂದೇ ಬದಲಾಯಿಸಬೇಕು. ನಾಬಿನ ಗುರುತು ‘ಮುಚ್ಚಿದೆ’ ಎನ್ನುವಾಗ ಒಳಗಿನ ಕಡ್ಡಿ ಅರ್ಧ ತೆರೆದಿರುವ ಸಾಧ್ಯತೆ ಅಲ್ಲಿರುತ್ತದೆ. ಕೈಗೆ ಸಿಕ್ಕ ಇಕ್ಕಳದಿಂದ ಆ ಕಡ್ಡಿಯನ್ನು ತಿರುಗಿಸುತ್ತ ದಿನ ದೂಡುವುದು ಇನ್ನೂ ಕೆಟ್ಟದ್ದು, ಏಕೆಂದರೆ ಕಡ್ಡಿಯ ಚಪ್ಪಟೆ ಮಗ್ಗುಲು ಉರುಟಾದರೆ ಆಮೇಲೆ ಯಾವ ನಾಬೂ ಅದರ ಮೇಲೆ ನಿಲ್ಲುವುದಿಲ್ಲ, ವಾಲ್ವನ್ನೇ ಬದಲಾಯಿಸಬೇಕಾಗುತ್ತದೆ.

ಒಲೆಯಲ್ಲೇ ಕಿಡಿ ಹೊತ್ತಿಸುವ ವ್ಯವಸ್ಥೆಯಿದ್ದು ಅದು ಕೈಕೊಟ್ಟರೆ ಮೊದಲು ಬ್ಯಾಟರಿ, ಆಮೇಲೆ ತೇವ, ಕೊನೆಗೆ ಬಿಡಿಭಾಗ ಎಂಬ ಕ್ರಮದಲ್ಲಿ ಹುಡುಕಬೇಕು. ಬರ್ನರಿನ ಪಕ್ಕದಲ್ಲಿ ನಿಂತಿರುವ ಬಿಳಿಯ ಪಿಂಗಾಣಿಯ ಕಡ್ಡಿಯೊಳಗೆ ಲೋಹದ ತಂತಿ ಇರುತ್ತದೆ. ಸಾವಿರಾರು ವೋಲ್ಟಿನ ವಿದ್ಯುತ್ತು ಅದರ ತುದಿಯಿಂದ ಬರ್ನರಿಗೆ ಕೆಲವೇ ಮಿಲಿಮೀಟರ್ ಅಂತರವನ್ನು ಜಿಗಿಯುವುದೇ ಕಿಡಿ. ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಕಿಡಿ ತುದಿಗೆ ಬರುವ ಮೊದಲೇ ಅಡ್ಡದಾರಿ ಹಿಡಿಯುತ್ತದೆ. ಆ ಬಿರುಕು ಹಗಲಿನಲ್ಲಿ ಕಾಣುವುದು ಕಷ್ಟ. ಅನಿಲದ ಪೂರೈಕೆಯನ್ನು ಮುಚ್ಚಿ, ಕೋಣೆಯ ದೀಪ ಆರಿಸಿ, ನಾಬ್ ಒತ್ತಿ ನೋಡಿದರೆ ತುದಿಯಲ್ಲಿ ಮಿನುಗಬೇಕಾದ ನೀಲಿ ಗೆರೆ ಪಿಂಗಾಣಿಯ ನಡುವಿನಿಂದ ಒಲೆಯ ಮೈಗೆ ಹಾರುವುದು ಸ್ಪಷ್ಟವಾಗಿ ಕಾಣುತ್ತದೆ. ಆಗ ಕಡ್ಡಿಯನ್ನು ಬದಲಾಯಿಸಬೇಕು. ಅದು ಒಂದು ಕ್ಲಿಪ್ಪಿನಿಂದಲೋ ಸ್ಕ್ರೂವಿನಿಂದಲೋ ನಿಂತಿರುತ್ತದೆ, ತಂತಿಯ ತುದಿ ಎಳೆದರೆ ಬರುತ್ತದೆ. ಯಾವ ನಾಬ್ ಒತ್ತಿದರೂ ಕಿಡಿ ಬಾರದಿದ್ದರೆ ಕಿಡಿ ಹುಟ್ಟಿಸುವ ಪೆಟ್ಟಿಗೆಯನ್ನೂ, ಒಂದು ನಾಬಿಗೆ ಮಾತ್ರ ಬಾರದಿದ್ದರೆ ಅದರ ಹಿಂದಿನ ಚಿಕ್ಕ ಸ್ವಿಚ್ಚನ್ನೂ ಶಂಕಿಸಬೇಕು.

ನಾಬ್ ಒತ್ತಿ ಹಿಡಿದಷ್ಟು ಹೊತ್ತು ಉರಿದು, ಕೈಬಿಟ್ಟ ಕೂಡಲೇ ಆರಿಹೋಗುವ ಒಲೆಯಲ್ಲಿ ಬಹುಮಟ್ಟಿಗೆ ಥರ್ಮೋಕಪಲ್ ಸವೆದಿರುತ್ತದೆ. ಎರಡು ಬೇರೆ ಲೋಹಗಳ ಬೆಸುಗೆ ಕಾದಾಗ ವಿದ್ಯುತ್ ಹುಟ್ಟುವುದನ್ನು 1821ರಲ್ಲಿ ಥಾಮಸ್ ಸೀಬೆಕ್ ಕಂಡುಕೊಂಡರು. ಉರಿಯಲ್ಲಿ ನಿಂತ ಈ ಕಡ್ಡಿ ಅದೇ ರೀತಿಯಲ್ಲಿ ಸುಮಾರು 20ರಿಂದ 30 ಮಿಲಿವೋಲ್ಟ್ ಹುಟ್ಟಿಸಿ, ವಾಲ್ವಿನೊಳಗಿನ ವಿದ್ಯುತ್ಕಾಂತವನ್ನು ಹಿಡಿದಿಡುತ್ತದೆ. ಉರಿ ಆರಿ ಕಡ್ಡಿ ತಣ್ಣಗಾದರೆ ಕಾಂತ ಕೈಬಿಡುತ್ತದೆ, ಅನಿಲ ತಾನಾಗಿ ನಿಲ್ಲುತ್ತದೆ. ಮೂವತ್ತು ಮಿಲಿವೋಲ್ಟ್ ಎಂದರೆ ಸಾಮಾನ್ಯ ಬ್ಯಾಟರಿ ಸೆಲ್ಲಿನ ಐವತ್ತನೇ ಒಂದು ಭಾಗ. ಅಷ್ಟು ದುರ್ಬಲವಾದ ವಿದ್ಯುತ್ತಿಗೆ ಜೋಡಣೆಯ ಮೇಲಿನ ಕೊಳೆಯೂ ದೊಡ್ಡ ಅಡ್ಡಿ. ಆದ್ದರಿಂದ ಮೊದಲು ತುದಿಯ ಮಸಿಯನ್ನು ಒರೆಸಿ, ಕಡ್ಡಿ ಉರಿಯೊಳಗೆ ಸರಿಯಾಗಿ ನಿಂತಿದೆಯೇ ನೋಡಿ, ವಾಲ್ವಿನ ಕಡೆಯ ಜೋಡಣೆಯನ್ನು ಒಣಬಟ್ಟೆಯಿಂದ ಒರೆಸಬೇಕು. ಆಗಲೂ ಆರಿದರೆ ಹೊಸದು ಹಾಕಬೇಕು. ನಟ್ಟಿನಿಂದ ಕೂರುವ ಬಗೆಯದಾದರೆ ಬೆರಳಿನಲ್ಲಿ ಬಿಗಿಯಾಗುವಷ್ಟು ತಿರುಗಿಸಿ, ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ ಬಿಗಿಯಬೇಕು. ಈ ತೊಂದರೆಯಿಂದ ತಪ್ಪಿಸಿಕೊಳ್ಳಲು ನಾಬನ್ನು ಒತ್ತಿ ಕಟ್ಟಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು. ಗಾಳಿಗೆ ಉರಿ ಆರಿದಾಗ ಅನಿಲವನ್ನು ತಡೆಯಲು ಅಲ್ಲಿ ಇನ್ನೇನೂ ಉಳಿದಿರುವುದಿಲ್ಲ.

ಈಗ ಗೆರೆಯ ಮೇಲೆಯೇ ನಿಂತಿರುವ ಜೆಟ್. ಅದನ್ನು ಬಿಚ್ಚಿ ಬೆಳಕಿಗೆ ಎದುರಾಗಿ ಹಿಡಿದರೆ ನಡುವೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಾಣುತ್ತದೆ. ಚುಕ್ಕೆ ದುಂಡಗೆ, ಅಂಚು ಚೊಕ್ಕಟವಾಗಿದ್ದರೆ ಜೆಟ್ ಚೆನ್ನಾಗಿದೆ. ಮುಖದ ಮೇಲೆ ಕೆತ್ತಿರುವ ಸಂಖ್ಯೆ ಅನೇಕ ತಯಾರಿಕೆಗಳಲ್ಲಿ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 70 ಎಂದಿದ್ದರೆ 0.70 ಮಿಲಿಮೀಟರ್. ಕಟ್ಟಿಕೊಂಡ ಜೆಟ್ಟನ್ನು ಹೊಲಿಗೆಯ ಸೂಜಿಯಿಂದಲೋ ಉಕ್ಕಿನ ತಂತಿಯಿಂದಲೋ ಚುಚ್ಚುವುದು ಬಹಳ ಹಳೆಯ ಅಭ್ಯಾಸ, ನಾನೂ ಮಾಡಿದ್ದೇನೆ. ಕಸ ಹೋಯಿತು, ಆದರೆ ಅಂದಿನಿಂದ ಆ ಬರ್ನರಿನ ಉರಿ ನೀಲಿಗೆ ಮರಳಲಿಲ್ಲ. ಕಾರಣ ಸರಳ: ಹಿತ್ತಾಳೆ ಮೆದು, ಉಕ್ಕು ಗಡಸು. ರಂಧ್ರದಿಂದ ಹೊರಬರುವ ಅನಿಲ ಅದರ ವಿಸ್ತೀರ್ಣಕ್ಕೆ ತಕ್ಕಂತೆ, ಅಂದರೆ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಹೀಗಾಗಿ 0.70 ಮಿಲಿಮೀಟರಿನ ರಂಧ್ರ 0.77ಕ್ಕೆ ಹಿಗ್ಗಿದರೆ, ಕಣ್ಣಿಗೆ ಕಾಣದ ಆ ವ್ಯತ್ಯಾಸದಿಂದ ಅನಿಲ ನೂರಕ್ಕೆ 21ರಷ್ಟು ಹೆಚ್ಚುತ್ತದೆ, ಗಾಳಿ ಮಾತ್ರ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಸೋಪು ನೀರಿನಲ್ಲಿ ನೆನೆಸಿ, ಊದಿ, ಒಣಗಿಸಿದರೂ ತೆರೆಯದ ಜೆಟ್ಟನ್ನು ಬದಲಾಯಿಸುವುದೇ ಸರಿ.

ಹೊಸ ಜೆಟ್ಟಿನ ಸಂಖ್ಯೆ ಹಳೆಯದರದ್ದೇ ಆಗಿರಬೇಕು, ಅದೇ ಬರ್ನರಿನದೂ ಆಗಿರಬೇಕು; ಚಿಕ್ಕ ಬರ್ನರಿನ ಜೆಟ್ ದೊಡ್ಡದಕ್ಕೆ ಸಲ್ಲದು. ಒಂದೇ ಗಾತ್ರದ ಪ್ರೊಪೇನ್ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿನಷ್ಟು ಶಾಖ ಕೊಡುವುದರಿಂದ ಎಲ್‌ಪಿಜಿ ಜೆಟ್ಟಿನ ರಂಧ್ರ ಕಿರಿದು, ನೈಸರ್ಗಿಕ ಅನಿಲದ್ದು ಹಿರಿದು. ಎರಡನೆಯದನ್ನು ಎಲ್‌ಪಿಜಿ ಒಲೆಗೆ ಹಾಕಿದರೆ ಉದ್ದನೆಯ ಹಳದಿ ಉರಿ ಏಳುತ್ತದೆ, ಅದು ಅಪಾಯಕರ. ಜೆಟ್ಟಿನ ಥ್ರೆಡ್ಡಿಗೆ ಟೇಪನ್ನಾಗಲಿ ಅಂಟನ್ನಾಗಲಿ ಸುತ್ತಬಾರದು, ಅದರ ಚೂರು ರಂಧ್ರಕ್ಕೇ ಬಂದು ಕೂರುತ್ತದೆ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಕೂರಿಸಿ, ಕೊನೆಗೆ ಸ್ಪ್ಯಾನರಿನಿಂದ ಹದವಾಗಿ ಬಿಗಿಯಬೇಕು. ಥ್ರೆಡ್ ಅಡ್ಡ ಕಚ್ಚಿಕೊಂಡಿತೆಂದು ಅನಿಸಿದರೆ ಬಲ ಹಾಕದೆ ಹಿಂದಕ್ಕೆ ಬಿಚ್ಚಿ ಮತ್ತೆ ಆರಂಭಿಸಬೇಕು.

ಜೆಟ್‌ನಿಂದ ಹಿಂದಕ್ಕೆ ಹೋದಂತೆ ನನ್ನ ಸಲಹೆ ಬಿಗಿಯಾಗುತ್ತದೆ. ಅನೇಕ ದೇಶಗಳಲ್ಲಿ ಅನಿಲವನ್ನು ಹಿಡಿದಿಡುವ ಭಾಗಗಳನ್ನು ಪರವಾನಗಿ ಇರುವ ತಂತ್ರಜ್ಞರಷ್ಟೇ ಬಿಚ್ಚಬೇಕೆಂಬ ನಿಯಮವಿದೆ. ನಿಯಮವಿಲ್ಲದ ಕಡೆಯೂ ಅದರ ಹಿಂದಿನ ಕಾರಣ ಬದಲಾಗುವುದಿಲ್ಲ. ನಾಬ್ ಬಿಗಿಯಾದಾಗ ಜನ ಮೊದಲು ಕೈಹಾಕುವುದು ವಾಲ್ವಿಗೆ. ಅನೇಕ ವಾಲ್ವ್‌ಗಳಲ್ಲಿ ಶಂಕುವಿನಾಕಾರದ ಹಿತ್ತಾಳೆಯ ಬಿರಡೆಯೊಂದು ಅದೇ ಆಕಾರದ ಗೂಡಿನಲ್ಲಿ ತಿರುಗುತ್ತದೆ. ಬಿರಡೆಯಲ್ಲಿನ ರಂಧ್ರ ಗೂಡಿನ ರಂಧ್ರಕ್ಕೆ ಎದುರಾದಾಗ ಅನಿಲ ಹರಿಯುತ್ತದೆ. ಇವೆರಡರ ನಡುವೆ ಅನಿಲವನ್ನು ತಡೆಯುವುದು ರಬ್ಬರ್ ಅಲ್ಲ, ನುಣ್ಣಗೆ ಕೂಡುವ ಲೋಹದ ಮೈ ಮತ್ತು ಅದರ ಮೇಲಿನ ಗ್ರೀಸಿನ ತೆಳು ಪದರ. ಶಾಖಕ್ಕೆ ಆ ಗ್ರೀಸ್ ಒಣಗಿದಾಗ ನಾಬ್ ಕಚ್ಚುತ್ತದೆ, ಸೋರಿಕೆಯೂ ಆರಂಭವಾಗಬಹುದು. ಅದಕ್ಕೆಂದೇ ಮಾಡಿದ ಶಾಖ ತಡೆಯುವ ಗ್ರೀಸನ್ನೇ ಹಚ್ಚಬೇಕು. ಅಡುಗೆ ಎಣ್ಣೆಯಾಗಲಿ ಯಂತ್ರದ ಎಣ್ಣೆಯಾಗಲಿ ಸಲ್ಲದು. ಒಂದೊಂದು ಬಿರಡೆಯೂ ತನ್ನ ಗೂಡಿಗೇ ಹೊಂದುವಂತಿರುವುದರಿಂದ ಅದಲು ಬದಲಾಗಬಾರದು, ಮತ್ತು ಒಂದು ಗೀರು ಬಿದ್ದರೂ ಅದು ಸೋರಿಕೆಯ ಕಾಲುವೆಯಾಗುತ್ತದೆ. ಇಷ್ಟೆಲ್ಲ ಇರುವಾಗ ಕಚ್ಚಿದ ವಾಲ್ವನ್ನು ಬಿಚ್ಚಿ ಗ್ರೀಸ್ ಹಚ್ಚುವುದಕ್ಕಿಂತ ಇಡೀ ವಾಲ್ವನ್ನು ತಿಳಿದವರಿಂದ ಬದಲಾಯಿಸಿಕೊಳ್ಳುವುದು ಉತ್ತಮವೆಂದೇ ನಾನು ಹೇಳುತ್ತೇನೆ. ರೆಗ್ಯುಲೇಟರನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಅದರೊಳಗಿನ ರಬ್ಬರ್ ಪೊರೆ ಹಳಸಿದರೆ ಇಡಿಯಾಗಿ ಬದಲಾಯಿಸುವುದೊಂದೇ ದಾರಿ.

ರಬ್ಬರ್ ಟ್ಯೂಬು ಬಿರುಕು ಬಿಡುವವರೆಗೆ ಕಾಯುವ ವಸ್ತುವಲ್ಲ. ಅನೇಕ ಟ್ಯೂಬುಗಳ ಮೈಮೇಲೆ ತಯಾರಿಕೆಯ ಅಥವಾ ಬದಲಾಯಿಸಬೇಕಾದ ವರ್ಷವನ್ನು ಮುದ್ರಿಸಿರುತ್ತಾರೆ, ಅದನ್ನು ಪಾಲಿಸಬೇಕು. ಒಲೆಯ ಬಾಯಿಯ ಬಳಿ ಟ್ಯೂಬನ್ನು ಮೆಲ್ಲಗೆ ಬಗ್ಗಿಸಿ ನೋಡಿದಾಗ ಬಳಸಿ ಗಟ್ಟಿಯಾದ ರಬ್ಬರಿನಲ್ಲಿ ಸಣ್ಣ ಗೆರೆಗಳು ಬಾಯಿಬಿಟ್ಟರೆ ಮುದ್ರಿತ ವರ್ಷ ಬಾಕಿ ಇದ್ದರೂ ಅದನ್ನು ತೆಗೆಯಬೇಕು. ಹೊಸದು ಕೂರಲು ಬಿಗಿಯೆಂದು ತುದಿಯನ್ನು ಉರಿಗೆ ಹಿಡಿದು ಮೆದು ಮಾಡಬಾರದು. ಹಾಗೆ ಕಾದ ರಬ್ಬರ್ ಅಲ್ಲಿಯೇ ಮೊದಲು ಸೀಳುತ್ತದೆ. ಟ್ಯೂಬು ಒಲೆಯ ಬಿಸಿ ಮೈಗೆ ತಾಗದಂತೆ, ತಿರುಚಿಕೊಳ್ಳದಂತೆ, ಕಣ್ಣಿಗೆ ಕಾಣುವಂತೆ ಇರಲಿ.

ಜೆಟ್ಟನ್ನಾಗಲಿ ಅದರ ಹಿಂದಿನ ಯಾವುದೇ ಜೋಡಣೆಯನ್ನಾಗಲಿ ಮುಟ್ಟಿದ ಮೇಲೆ ಸೋಪು ನೀರಿನ ಪರೀಕ್ಷೆ ಮಾಡದೆ ಕೆಲಸ ಮುಗಿಯಿತೆಂದು ಎಣಿಸಬಾರದು. ಎಲ್ಲ ನಾಬ್‌ಗಳನ್ನೂ ಮುಚ್ಚಿ, ಕಿಟಕಿ ತೆರೆದು, ಪೂರೈಕೆಯನ್ನು ತೆರೆಯಬೇಕು. ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ನೀರಿನಲ್ಲಿ ಕಲಸಿ ಬ್ರಷ್‌ನಿಂದ ಒಂದೊಂದು ಜೋಡಣೆಗೂ ದಪ್ಪಗೆ ಹಚ್ಚಿ, ಪೂರ್ತಿ ಒಂದು ನಿಮಿಷ ನೋಡುತ್ತಿರಬೇಕು. ದೊಡ್ಡ ಸೋರಿಕೆಯಾದರೆ ನೊರೆ ಕೂಡಲೇ ಉಬ್ಬುತ್ತದೆ. ಸಣ್ಣ ಸೋರಿಕೆಯಲ್ಲಿ ನಟ್ಟಿನ ಅಂಚಿನಲ್ಲಿ ಮೊದಲು ಏನೂ ಕಾಣುವುದಿಲ್ಲ. ಕೆಲವು ಕ್ಷಣಗಳ ನಂತರ ಸಾಸಿವೆಯಷ್ಟು ಗುಳ್ಳೆಯೊಂದು ಹುಟ್ಟಿ, ಹಿಗ್ಗಿ, ಒಡೆದು, ಅದೇ ಜಾಗದಲ್ಲಿ ಮತ್ತೊಂದು ಹುಟ್ಟುತ್ತದೆ. ಹಚ್ಚುವಾಗ ಎದ್ದ ನೊರೆ ತಾನಾಗಿ ಇಳಿಯುತ್ತದೆ, ಸೋರಿಕೆಯ ಗುಳ್ಳೆ ಬೆಳೆಯುತ್ತದೆ, ಗುರುತಿಸುವುದು ಹೀಗೆ. ವಾಲ್ವಿಗೂ ಜೆಟ್ಟಿಗೂ ನಡುವಿನ ಜೋಡಣೆಗೆ ಒತ್ತಡ ಬರುವುದು ನಾಬ್ ತೆರೆದಾಗ ಮಾತ್ರ, ಆದ್ದರಿಂದ ಅಲ್ಲಿನ ಪರೀಕ್ಷೆ ಬರ್ನರ್ ಉರಿಯುತ್ತಿರುವಾಗಲೇ ಆಗಬೇಕು. ಉರಿಯಿಂದ ಕೈ ದೂರವಿಟ್ಟು ಅದನ್ನು ಮಾಡಲಾಗದ ಒಲೆಯಾದರೆ ತಂತ್ರಜ್ಞರಿಗೆ ಬಿಡಬೇಕು. ಅಮೋನಿಯಾ ಇರುವ ಶುಚಿಕಾರಕವನ್ನು ಬಳಸಬಾರದು, ಅದು ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಬೆಂಕಿಕಡ್ಡಿ ಹಿಡಿದು ಸೋರಿಕೆ ಹುಡುಕುವುದನ್ನು ಎಂದೂ ಮಾಡಬಾರದು.

ಗುಳ್ಳೆ ಕಂಡರೆ ಪೂರೈಕೆ ಮುಚ್ಚಿ, ಜೋಡಣೆಯನ್ನು ಬಿಚ್ಚಿ ನೋಡಿ, ಮತ್ತೆ ಕೂರಿಸಿ, ಮತ್ತೆ ಪರೀಕ್ಷಿಸಬೇಕು. ಎರಡನೆಯ ಸಲವೂ ಬಂದರೆ ಅಲ್ಲಿಗೆ ನಿಲ್ಲಿಸಿ ತಿಳಿದವರನ್ನು ಕರೆಯಬೇಕು. ಪ್ರೊಪೇನ್ ಗಾಳಿಯಲ್ಲಿ ನೂರಕ್ಕೆ ಸುಮಾರು 2 ಪಾಲು ಬೆರೆತರೇ ಸಿಡಿಯಬಲ್ಲದು, ಮೀಥೇನ್ 5 ಪಾಲು ಬೆರೆತರೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನೈಸರ್ಗಿಕ ಅನಿಲ ಹಗುರವಾದ್ದರಿಂದ ಮೇಲಕ್ಕೇರುತ್ತದೆ. ಮೂಲತಃ ವಾಸನೆಯಿಲ್ಲದ ಈ ಅನಿಲಗಳಿಗೆ ಗಂಧಕದ ಸಂಯುಕ್ತವನ್ನು ಬೆರೆಸಿ ದುರ್ವಾಸನೆ ಕೊಟ್ಟಿರುವುದೇ ನಮ್ಮ ಮೂಗು ಎಚ್ಚರಿಸಲಿ ಎಂದು. ಆ ವಾಸನೆ ಬಂದಾಗ ಪೂರೈಕೆ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬರಬೇಕು. ಯಾವ ಸ್ವಿಚ್ಚನ್ನೂ ಹಾಕಬಾರದು, ಹಾಕಿದ್ದನ್ನು ಆರಿಸಲೂ ಬಾರದು, ಎರಡರಲ್ಲೂ ಕಿಡಿ ಹಾರಬಹುದು.

ಕೆಲವು ಒಲೆಗಳಿಗೆ ಬಿಡಿಭಾಗ ಹಾಕಿ ಫಲವಿಲ್ಲ. ಒಳಗಿನ ಉದ್ದನೆಯ ಪೈಪು ತುಕ್ಕು ತಿಂದು ಪದರಪದರವಾಗಿ ಏಳುತ್ತಿದ್ದರೆ, ವಾಲ್ವ್ ಕೂರುವ ಜಾಗದ ತಗಡು ಸವೆದು ನಾಬ್ ತಿರುಗಿಸುವಾಗ ವಾಲ್ವೇ ಅಲುಗಾಡುತ್ತಿದ್ದರೆ, ಮೇಲ್ಭಾಗದ ಗಾಜಿನಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ಆ ಮಾದರಿಯ ಜೆಟ್ ಮತ್ತು ವಾಲ್ವ್ ಈಗ ತಯಾರಾಗುತ್ತಿಲ್ಲವೆಂದಾದರೆ, ಹೋಲುವ ಭಾಗಗಳನ್ನು ತಂದು ಹೊಂದಿಸಲು ಹೋಗದೆ ಆ ಒಲೆಯ ಟ್ಯೂಬನ್ನು ಕಳಚಿ, ಪೂರೈಕೆಯ ಬಾಯಿಗೆ ಮುಚ್ಚಳ ಹಾಕಿ, ಒಲೆಯನ್ನು ತೆಗೆದಿಡಬೇಕು.